ಅಣಬೆಯನ್ನು ನೆಲಮಟ್ಟಕ್ಕೆ ಕುಯ್ದು ತರಬೇಡಿ

ಮಲೆನಾಡಿನ ಒಂದು ಮನೆಯಲ್ಲಿ ಅಣಬೆ ಸಾರು ಉಂಡ ನಾಲ್ಕೂ ಜನ ಆಸ್ಪತ್ರೆ ಸೇರಿದರು. ಎರಡು ಗಂಟೆಯೊಳಗೆ ವಾಂತಿ, ಹಿಂದೆಯೇ ನಿಲ್ಲದ ಭೇದಿ. ಎರಡು ದಿನ ಡ್ರಿಪ್ಸ್ ಹಾಕಿದ ಮೇಲೆ ಸುಧಾರಿಸಿಕೊಂಡರು. ಹುತ್ತದ ಅಣಬೆಯನ್ನು ವರ್ಷಾ ವರ್ಷಾ ತಿಂದವರೇ ಅವರು. ಕೊಟ್ಟಿಗೆ ಹಿಂದಿನ ಹುಲ್ಲಿನಲ್ಲಿ ಎದ್ದಿದ್ದ ಬಿಳಿ ಕೊಡೆಗಳನ್ನು ಅದೇ ಎಂದುಕೊಂಡು ಕತ್ತಿಯಲ್ಲಿ ಕುಯ್ದು ತಂದರು. ಬುಡ ಮಣ್ಣಲ್ಲೇ ಉಳಿಯಿತು.

ಗುರುತು ಇರುವುದೇ ಆ ಬುಡದಲ್ಲಿ. ದೊಡ್ಡ ಹುತ್ತದ ಅಣಬೆಯ ದಂಟು ಸಪೂರವಾಗುತ್ತಾ ಬೇರಿನ ಹಾಗೆ ಗೆದ್ದಲು ಗೂಡಿನ ತನಕ ಇಳಿದಿರುತ್ತದೆ. ಎಳೆದರೆ ತುಂಡಾಗುತ್ತದೆ, ಪಕ್ಕದ ಮಣ್ಣು ಬಿಡಿಸಿಯೇ ತೆಗೆಯಬೇಕು. ಕೊಡೆಯ ನಡುವೆ ಮೊನೆಯೂ ಇರುತ್ತದೆ. ಹುಲ್ಲಿನ ವಿಷದ ಅಣಬೆಗೆ ಆ ಬೇರಿಲ್ಲ. ಬುಡ ತುಸು ಉಬ್ಬಿ ಅಲ್ಲೇ ಮುಗಿಯುತ್ತದೆ, ಕೊಡೆಯ ಮೇಲೆ ಕಂದು ಹಕ್ಕಳೆ. ದಂಟಿನ ಸುತ್ತಲಿನ ಉಂಗುರವೊಂದನ್ನೇ ನಂಬಬೇಡಿ, ಕೆಲವು ಹುತ್ತದ ಅಣಬೆಗೂ ಉಂಗುರವಿದೆ. ಬುಡದಲ್ಲಿ ಚೀಲದಂಥ ಪೊರೆ ಕಂಡರಂತೂ ಮುಟ್ಟಲೇಬೇಡಿ. ಅದು ಅಮಾನಿಟಾ ಗುಂಪಿನದಿರಬಹುದು, ಯಕೃತ್ತನ್ನೇ ಕೆಡಿಸುವ ಅಣಬೆಗಳು ಆ ಗುಂಪಿನಲ್ಲಿವೆ.

ಇನ್ನೊಂದು ಪರೀಕ್ಷೆ: ಅರಳಿದ ಕೊಡೆಯೊಂದನ್ನು ಬೋರಲಾಗಿ, ಅದರ ಅಡಿಯ ಪದರಗಳು ಕಾಗದಕ್ಕೆ ತಾಗುವಂತೆ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿ. ಬೆಳಿಗ್ಗೆ ಪುಡಿ ಉದುರಿರುತ್ತದೆ. ಹುತ್ತದ್ದಕ್ಕೆ ನಸುಗೆಂಪು, ಹುಲ್ಲಿನ ವಿಷದ್ದಕ್ಕೆ ಮಾಸಲು ಹಸಿರು, ಅಮಾನಿಟಾಕ್ಕೆ ಬಿಳಿ. ಹಸಿರು, ಬಿಳಿ ಬಂದರೆ ಎಸೆಯಿರಿ. ನಸುಗೆಂಪು ಬಂದರೂ ಬೇರು ನೋಡದೆ ಒಲೆಗೆ ಹಾಕಬೇಡಿ, ಬೇರೆ ಅಣಬೆಗಳ ಪುಡಿಯೂ ಆ ಬಣ್ಣದ್ದಿರುತ್ತದೆ. ಮೊಗ್ಗನ್ನು ನೋಡಿ ತೀರ್ಮಾನಿಸುವುದು ಬೇಡ: ಹಸಿರು ಪುಡಿಯದ್ದರ ಪದರವೂ ಎಳೆಯದರಲ್ಲಿ ಅಚ್ಚ ಬಿಳಿ.

ವಿಷವಿದ್ದರೆ ಅರಿಸಿನ ಹಾಕಿದಾಗ ಬಣ್ಣ ತಿರುಗುತ್ತದೆ, ಬೆಳ್ಳಿ ಕಪ್ಪಾಗುತ್ತದೆ, ಹುಳ ತಿಂದದ್ದು ನಾವೂ ತಿನ್ನಬಹುದು ಎನ್ನುವ ಮಾತು ಒಂದೂ ನಿಲ್ಲುವುದಿಲ್ಲ. ಅಮಾನಿಟಾದ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಉಂಡು ಒಂದೆರಡು ಗಂಟೆಗೆ ವಾಂತಿಯಾದರೂ ಆಸ್ಪತ್ರೆಗೆ ಹೋಗಿ. ಆರು ಗಂಟೆ ಕಳೆದು ಶುರುವಾದರೆ ಇನ್ನೂ ಹೆಚ್ಚು ಅಪಾಯ, ತಿಂದದ್ದು ಅಮಾನಿಟಾ ಇರಬಹುದು. ಮರುದಿನ ವಾಂತಿ ಭೇದಿ ನಿಂತು ಗುಣವಾದಂತೆ ಕಾಣುತ್ತದೆ, ಒಳಗೆ ಯಕೃತ್ತು ಕೆಡುತ್ತಲೇ ಇರುತ್ತದೆ; ಆಗ ಮನೆಗೆ ಬಂದುಬಿಟ್ಟವರಿದ್ದಾರೆ. ಯಕೃತ್ತಿನ ರಕ್ತಪರೀಕ್ಷೆ ಮಾಡಿಸಲೇಬೇಕು. ಉಳಿದ ಹಸಿ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕೊಳೆತು ಗುರುತು ಸಿಗದಂತಾಗುತ್ತದೆ.