ನಿಕಲ್: ವೇಗಕ್ಕಿಂತ ಅದರ ಲಾಗ್‌ಗೇ ನನ್ನ ಅಂಕ ಜಾಸ್ತಿ

ಹತ್ತಾರು ಸರ್ವರ್‌ಗಳಲ್ಲಿ ಒಂದೇ ಮಾಡೆಲ್ ಟ್ರೈನ್ ಆಗುತ್ತಿರುತ್ತದೆ. ಅದು ಯಾಕೆ ನಿಧಾನ ಅಂತ ಹುಡುಕೋದು ನನ್ನ ಕೆಲಸ. ಹಾಗಾಗಿ ಜಿಪಿಯುಗಳ ನಡುವೆ ಡೇಟಾ ಸಾಗಿಸುವ, ಎನ್‌ವಿಡಿಯಾದ ಎನ್‌ಸಿಸಿಎಲ್ ಲೈಬ್ರರಿ ನನಗೆ ದಿನವೂ ಎದುರಾಗುತ್ತದೆ. ಮಾತಿನಲ್ಲಿ ಎಲ್ಲರೂ ನಿಕಲ್ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಇದರ ವೇಗವನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ನೋಡೋದು ಬೇರೆ. ಏನಾದರೂ ಕೆಟ್ಟಾಗ, ಕೆಟ್ಟಿದ್ದು ಎಲ್ಲಿ ಅಂತ ಎಷ್ಟು ಬೇಗ ಸಿಗುತ್ತದೆ?

ಇದನ್ನು ಬಳಸದವರಿಗೆ ಎರಡು ಮಾತು. ಪ್ರತಿ ಜಿಪಿಯು ತನ್ನ ಪಾಲಿನ ಡೇಟಾ ನೋಡಿ ಗ್ರೇಡಿಯೆಂಟ್ (ಮಾಡೆಲ್ ಒಳಗಿನ ಅಂಕಿಗಳನ್ನು ಎತ್ತ ತಿದ್ದಬೇಕು ಅನ್ನೋದು) ಲೆಕ್ಕ ಹಾಕುತ್ತದೆ. ಆಮೇಲೆ ಎಲ್ಲರ ಲೆಕ್ಕವನ್ನೂ ಕೂಡಿಸಿ, ಆ ಮೊತ್ತವನ್ನು ಎಲ್ಲರಿಗೂ ಕೊಡಬೇಕು. ಇದೇ ಆಲ್‌ರೆಡ್ಯೂಸ್. ಈ ಕೆಲಸ ನಿಕಲ್‌ನದು. ಯಾವ ಜಿಪಿಯು ಸರ್ವರ್ ಒಳಗಿನ ಯಾವ ಪಿಸಿಐಇ ಸ್ವಿಚ್ ಕೆಳಗಿದೆ, ಅದಕ್ಕೆ ಹತ್ತಿರದ ನೆಟ್‌ವರ್ಕ್ ಕಾರ್ಡ್ ಯಾವುದು ಅಂತ ಅದೇ ಪತ್ತೆ ಮಾಡುತ್ತದೆ. ಡೇಟಾ ಉಂಗುರದ ಹಾಗೆ ಸುತ್ತಬೇಕೋ (ರಿಂಗ್), ಮರದ ಕೊಂಬೆಗಳ ಹಾಗೆ ಹೋಗಬೇಕೋ (ಟ್ರೀ) ಅಂತಲೂ ಅದೇ ತೀರ್ಮಾನಿಸುತ್ತದೆ.

ಒಳಗಿನ ಕುಶಲತೆ ನಿಜಕ್ಕೂ ಚೆನ್ನಾಗಿದೆ. ಚಿಕ್ಕ ಸಂದೇಶಗಳಿಗೆ ಎಲ್‌ಎಲ್ ಅನ್ನುವ ಪ್ರೋಟೊಕಾಲ್ ಇದೆ. ಅದರಲ್ಲಿ ಪ್ರತಿ 4 ಬೈಟ್ ಡೇಟಾಗೆ 4 ಬೈಟ್ ಫ್ಲ್ಯಾಗ್ ಅಂಟಿಕೊಂಡೇ ಹೋಗುತ್ತದೆ. ಫ್ಲ್ಯಾಗ್ ಕಂಡರೆ ಡೇಟಾ ಬಂತು ಅಂತ ಲೆಕ್ಕ, ಬೇರೆ ಸೂಚನೆಗೆ ಕಾಯಬೇಕಿಲ್ಲ. ಅರ್ಧ ಬ್ಯಾಂಡ್‌ವಿಡ್ತ್ ಹಾಳಾಗುತ್ತದೆ ನಿಜ, ಆದರೆ ಚಿಕ್ಕ ಸಂದೇಶಕ್ಕೆ ಸಮಯ ಮುಖ್ಯ ಅಲ್ವಾ? ಜಿಪಿಯುಗಳನ್ನು ನೇರ ಜೋಡಿಸುವ ಎನ್‌ವಿಲಿಂಕ್ ಇದ್ದರೆ ಎಲ್‌ಎಲ್128 ಸಿಗುತ್ತದೆ. ಅಲ್ಲಿ 128 ಬೈಟ್‌ಗೆ 120 ಬೈಟ್ ಡೇಟಾ, ಬರೀ 8 ಬೈಟ್ ಫ್ಲ್ಯಾಗ್. ಯಾರೋ ಕೂತು ಯೋಚಿಸಿ ಬರೆದ ಕೋಡ್ ಅಂತ ಓದಿದರೆ ಗೊತ್ತಾಗುತ್ತದೆ.

ಈಗ ತಕರಾರಿಗೆ ಬರೋಣ. ನಿಕಲ್ ಸುಲಭವಾಗಿ ಆಗಲ್ಲ ಅನ್ನೋದಿಲ್ಲ. ಒಳ್ಳೆಯ ದಾರಿ ಸಿಗದಿದ್ದರೆ ಕೆಟ್ಟ ದಾರಿಯಲ್ಲಿ ಸುಮ್ನೆ ಹೊರಟುಬಿಡುತ್ತದೆ. ಕಂಟೇನರ್ ಒಳಗೆ ಇನ್ಫಿನಿಬ್ಯಾಂಡ್ ಅನ್ನುವ ವೇಗದ ನೆಟ್‌ವರ್ಕ್‌ನ ಕಾರ್ಡ್ ಕಾಣಿಸದಿದ್ದರೆ ಸಾಮಾನ್ಯ ಟಿಸಿಪಿ ಸಾಕೆಟ್‌ಗೆ ಇಳಿಯುತ್ತದೆ. ಒಂದು ಸರ್ವರ್‌ನಲ್ಲಿ 400 ಗಿಗಾಬಿಟ್‌ನ ಎಂಟು ಕಾರ್ಡ್ ಇವೆ ಅಂದುಕೊಳ್ಳಿ. ಒಂದೊಂದಕ್ಕೆ ಸೆಕೆಂಡಿಗೆ 50 ಗಿಗಾಬೈಟ್, ಒಟ್ಟು 400. ಅದೆಲ್ಲ ಖಾಲಿ ಬಿದ್ದಿರುತ್ತದೆ. ಮ್ಯಾನೇಜ್‌ಮೆಂಟ್‌ಗೆ ಇಟ್ಟ 25 ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಸೆಕೆಂಡಿಗೆ ಸುಮಾರು 3 ಗಿಗಾಬೈಟ್ ತೆವಳುತ್ತಿರುತ್ತದೆ. ಎರರ್ ಇಲ್ಲ, ಲಾಸ್ (ಮಾಡೆಲ್ ಮಾಡುವ ತಪ್ಪಿನ ಅಳತೆ) ಕೂಡ ಸರಿಯಾಗೇ ಇಳಿಯುತ್ತಿರುತ್ತದೆ. ಬಿಲ್ ಮಾತ್ರ ಏರುತ್ತದೆ.

ಇದಕ್ಕಿಂತ ನಾಜೂಕಾದ ಕಾಯಿಲೆ ಇನ್ನೊಂದಿದೆ. ಜಿಪಿಯುಡೈರೆಕ್ಟ್ ಆರ್‌ಡಿಎಂಎ ಇದ್ದರೆ ನೆಟ್‌ವರ್ಕ್ ಕಾರ್ಡ್ ನೇರವಾಗಿ ಜಿಪಿಯು ಮೆಮೊರಿಯನ್ನೇ ಓದುತ್ತದೆ. ಅದಕ್ಕೆ ಪಿಯರ್‌ಮೆಮ್ ಅನ್ನುವ ಕರ್ನಲ್ ಮಾಡ್ಯೂಲ್ ಲೋಡ್ ಆಗಿರಬೇಕು, ಇಲ್ಲವೇ ಕರ್ನಲ್ ಮತ್ತು ಡ್ರೈವರ್ ಎರಡರಲ್ಲೂ ಡಿಎಂಎ-ಬಫ್ ಬೆಂಬಲ ಇರಬೇಕು. ನಾವು ಬಾಡಿಗೆಗೆ ತೆಗೆದುಕೊಂಡಿದ್ದ ಒಂದು ಕ್ಲಸ್ಟರ್‌ನಲ್ಲಿ ಕರ್ನಲ್ ಅಪ್‌ಡೇಟ್ ಆದ ಮೇಲೆ ಒಂದೇ ಒಂದು ನೋಡ್‌ನಲ್ಲಿ, ಅಂದರೆ ಒಂದು ಸರ್ವರ್‌ನಲ್ಲಿ, ಆ ಮಾಡ್ಯೂಲ್ ಲೋಡ್ ಆಗಿರಲಿಲ್ಲ. ಅಲ್ಲಿ ಮಾತ್ರ ಡೇಟಾ ಸಿಪಿಯು ಕಡೆಯ ಹೋಸ್ಟ್ ಮೆಮೊರಿಯನ್ನು ಸುತ್ತಿ ಬರುತ್ತಿತ್ತು. ರಿಂಗ್‌ನಲ್ಲಿ ಒಬ್ಬ ನಿಧಾನ ಆದರೆ ಎಲ್ಲರೂ ನಿಧಾನ. ತಂಡದಲ್ಲಿ ಎಲ್ಲರೂ ಡಿಸ್ಕ್‌ನಿಂದ ಡೇಟಾ ತಂದುಕೊಡುವ ಡೇಟಾ ಲೋಡರ್ ಬಿಚ್ಚಿ ಕೂತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಕೊನೆಗೆ ದಾರಿ ತೋರಿಸಿದ್ದು ನಿಕಲ್‌ನ ಲಾಗೇ. ಡೀಬಗ್ ವೇರಿಯಬಲ್‌ಗೆ ಇನ್ಫೋ ಅಂತ ಕೊಟ್ಟರೆ ಪ್ರತಿ ಚಾನೆಲ್ ಯಾವ ಜಿಪಿಯುನಿಂದ ಯಾವ ಜಿಪಿಯುಗೆ, ಯಾವ ಕಾರ್ಡ್ ಮೂಲಕ ಹೋಯಿತು ಅಂತ ಸಾಲು ಸಾಲಾಗಿ ಬರೆಯುತ್ತದೆ. ನೆಟ್‌ವರ್ಕ್ ಸಾಲಿನ ಕೊನೆಯಲ್ಲಿ ಜಿಡಿಆರ್‌ಡಿಎಂಎ ಅಂತ ಇದ್ದರೆ ನೇರ ದಾರಿ. ಆ ಒಂದು ನೋಡ್‌ನ ಸಾಲುಗಳಲ್ಲಿ ಮಾತ್ರ ಅದು ಇರಲಿಲ್ಲ. ಪದ ಹುಡುಕುವ ಗ್ರೆಪ್ ಕಮಾಂಡ್ ಒಂದು ಸಲ ಕೊಟ್ಟಿದ್ದಕ್ಕೇ ಸಿಕ್ಕಿತು. ಈ ಲಾಗ್ ಸಾಲು ಬರೆದ ಇಂಜಿನಿಯರ್‌ಗೆ ನನ್ನ ನಮಸ್ಕಾರ. ವೇಗ ಹೆಚ್ಚಿಸುವ ಪ್ಯಾಚ್‌ಗೆ ಚಪ್ಪಾಳೆ ಬೀಳುತ್ತದೆ, ಇಂಥ ಸಾಲನ್ನು ಯಾರೂ ಗಮನಿಸೋದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಕೊಡುಗೆ.

ಹಾಗಂತ ಎಲ್ಲ ಸಂದೇಶಗಳೂ ಹೀಗಿಲ್ಲ. 'ಅನ್‌ಹ್ಯಾಂಡಲ್ಡ್ ಸಿಸ್ಟಮ್ ಎರರ್' ಅನ್ನುವುದು ಕುಖ್ಯಾತ. ಅದರ ಹಿಂದೆ ಏನು ಬೇಕಾದರೂ ಇರಬಹುದು. ಡಾಕರ್ ಮಾಮೂಲಾಗಿ ಕೊಡುವ 64 ಮೆಗಾಬೈಟ್ ಶೇರ್ಡ್ ಮೆಮೊರಿ ಸಾಲದೆ ಹೋಗಿರಬಹುದು. ಮೆಮೊರಿ ಲಾಕ್ ಮಾಡುವ ಮಿತಿ ಕಡಿಮೆ ಇರಬಹುದು. ಓದಿದವರು ಊಹೆ ಮಾಡುತ್ತಾ ಕೂರಬೇಕು.

ಮೂಲ ಕೋಡ್ ಕೈಯಲ್ಲಿರುವುದಕ್ಕೆ ಬೆಲೆ ಇಲ್ಲೇ. 2017ರಲ್ಲಿ ನಿಕಲ್‌ನ 2.0 ಆವೃತ್ತಿ ಬಂದಾಗ ಹಲವು ಸರ್ವರ್‌ಗಳ ಬೆಂಬಲ ಬಂತು, ಆದರೆ ಕೋಡ್ ಮುಚ್ಚಿತ್ತು. 2018ರಲ್ಲಿ 2.3ರ ಹೊತ್ತಿಗೆ ಮತ್ತೆ ತೆರೆದರು. ತೆರೆದದ್ದು ಒಳ್ಳೆಯದಾಯಿತು. ಇನ್ಫಿನಿಬ್ಯಾಂಡ್ ಭಾಗ ಪೂರ್ತಿ ಒಂದೇ ಫೈಲಿನಲ್ಲಿ ಇದ್ದ ಆವೃತ್ತಿಗಳನ್ನು ನಾನು ಎಷ್ಟೋ ಸಲ ತೆರೆದು ಓದಿದ್ದೇನೆ. ಡಾಕ್ಯುಮೆಂಟ್‌ನಲ್ಲಿ ಸಿಗದ ಉತ್ತರ ಅಲ್ಲಿ ಸಿಗುತ್ತದೆ. ಎಎಂಡಿ ಕೂಡ ಇದೇ ಕೋಡ್ ಹಿಡಿದು ತನ್ನ ಜಿಪಿಯುಗಳಿಗೆ ಆರ್‌ಸಿಸಿಎಲ್ ಕಟ್ಟಿತು.

ಹೊರಗಿನವರು ಕೋಡ್ ಕೊಡುವುದಕ್ಕೆ ಮಾತ್ರ ಮುಖ್ಯ ಬಾಗಿಲು ಅಷ್ಟು ಅಗಲ ಇಲ್ಲ. ವರ್ಷಗಟ್ಟಲೆ ಒಂದೊಂದು ಬಿಡುಗಡೆಯೂ ಒಂದೇ ದೊಡ್ಡ ಕಮಿಟ್ (ಬದಲಾವಣೆಗಳ ಒಂದೇ ಕಂತೆ) ಆಗಿ ಬರುತ್ತಿತ್ತು. ಯಾವ ಸಾಲು ಯಾಕೆ ಬದಲಾಯಿತು ಅಂತ ಹುಡುಕುವುದು ಕಷ್ಟ. ಆದರೆ ಪಕ್ಕದ ಬಾಗಿಲು ಒಂದಿದೆ, ಅದು ಭೇಷಾಗಿದೆ: ನೆಟ್‌ವರ್ಕ್ ಪ್ಲಗಿನ್. ಕನೆಕ್ಟ್, ಸೆಂಡ್, ರಿಸೀವ್, ಟೆಸ್ಟ್ ಥರದ ಕೆಲವೇ ಫಂಕ್ಷನ್ ಬರೆದುಕೊಟ್ಟರೆ ಸಾಕು, ನಿಮ್ಮ ನೆಟ್‌ವರ್ಕ್ ಮೇಲೆ ನಿಕಲ್ ಓಡುತ್ತದೆ. ನಿಕಲ್‌ನ ಒಳಗೆ ಕೈ ಹಾಕಬೇಕಿಲ್ಲ, ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಅಮೆಜಾನ್‌ನ ಇಎಫ್‌ಎ ನೆಟ್‌ವರ್ಕ್ ಕಾರ್ಡ್‌ಗಳು ಲಿಬ್‌ಫ್ಯಾಬ್ರಿಕ್ ಅನ್ನುವ ಲೈಬ್ರರಿ ಮೂಲಕ ಹೀಗೇ ಸೇರಿಕೊಂಡಿವೆ. ಆ ಪ್ಲಗಿನ್ನಿನ ಕೋಡೂ ತೆರೆದೇ ಇದೆ. ಈ ಕ್ಷೇತ್ರದಲ್ಲಿ ಕೋಡ್ ಕೊಡಬೇಕು ಅನ್ನುವ ಹೊಸಬರಿಗೆ ನಾನು ಹೇಳೋದು ಇದನ್ನೇ. ಮೊದಲು ಒಂದು ಪ್ಲಗಿನ್ ಓದಿ. ಆಮೇಲೆ ಪರ್ಫ್‌ಟೆಸ್ಟ್ ನೋಡಿ. ಅದು ಜಿಪಿಯು ಮೆಮೊರಿಯಿಂದಲೇ ಆರ್‌ಡಿಎಂಎ ವೇಗ ಅಳೆಯುತ್ತದೆ, ನಿಕಲ್‌ನ ಹಂಗಿಲ್ಲದೆ. ತಪ್ಪು ನೆಟ್‌ವರ್ಕ್‌ನದೋ ಲೈಬ್ರರಿಯದೋ ಅಂತ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಸದ್ದಿಲ್ಲದ ಇಳಿತಕ್ಕೆ. ತಪ್ಪಿಸಲು ಉಪಾಯ ಇದೆ: ನೆಟ್ ವೇರಿಯಬಲ್‌ಗೆ ಐಬಿ (ಇನ್ಫಿನಿಬ್ಯಾಂಡ್) ಅಂತ ಕೊಟ್ಟರೆ ಕಾರ್ಡ್ ಸಿಗದಾಗ ಸಾಕೆಟ್‌ಗೆ ಇಳಿಯುವ ಬದಲು ಶುರುವಿನಲ್ಲೇ ನಿಲ್ಲುತ್ತದೆ. ಆದರೆ ಇದು ನಾವು ಕೇಳಿದರೆ ಮಾತ್ರ. ಕೇಳದೆಯೇ ಹಾಗಿರಬೇಕಿತ್ತು. ಈಚಿನ ಆವೃತ್ತಿಗಳಲ್ಲಿ ಬಂದಿರುವ ರ‍್ಯಾಸ್ ಅನ್ನುವ ಸೌಲಭ್ಯ ನನಗೆ ತುಂಬಾ ಹಿಡಿಸಿದೆ. ಜಾಬ್ ಅಲ್ಲಾಡದೆ ನಿಂತಾಗ 28028ನೇ ಪೋರ್ಟ್‌ಗೆ ಹೋಗಿ ಕೇಳಿದರೆ ಯಾವ ರ‍್ಯಾಂಕ್ (ಜಾಬ್‌ನ ಪ್ರೋಸೆಸ್) ಹಿಂದೆ ಬಿದ್ದಿದೆ ಅಂತ ಹೇಳುತ್ತದೆ. ಮೊದಲೆಲ್ಲ ಮಾಡೆಲ್ ಟ್ರೈನ್ ಮಾಡಲು ಬಳಸುವ ಪೈಟಾರ್ಚ್‌ನ ಟೈಮ್‌ಔಟ್ ಆಗುವವರೆಗೆ ಕೈಕಟ್ಟಿ ಕೂರಬೇಕಿತ್ತು.

ಒಂದೇ ಸರ್ವರ್ ಇರುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಪೈಟಾರ್ಚ್ ಜೊತೆ ಬಂದದ್ದನ್ನೇ ಬಳಸಿ. ಎರಡನೇ ಸರ್ವರ್ ಬಂದ ದಿನ ಮಾತ್ರ ನಿಕಲ್ ಟೆಸ್ಟ್ಸ್ ಅನ್ನುವ ಪರೀಕ್ಷಾ ಪ್ರೋಗ್ರಾಂ ಬಿಲ್ಡ್ ಮಾಡಿಕೊಂಡು ಆಲ್‌ರೆಡ್ಯೂಸ್ ಓಡಿಸಿ, ಬಸ್ ಬ್ಯಾಂಡ್‌ವಿಡ್ತ್ ಕಾಲಂ ನೋಡಿ. ಬಿಲ್ಡ್ ಮಾಡುವಾಗ, ಹಲವು ಸರ್ವರ್‌ಗಳ ಪ್ರೋಸೆಸ್‌ಗಳನ್ನು ಜೋಡಿಸುವ ಎಂಪಿಐ ಆನ್ ಮಾಡಲು ಮರೆಯಬೇಡಿ. ಅದಿಲ್ಲದೆ ಎಂಪಿಐರನ್ ಮೂಲಕ ಓಡಿಸಿದರೆ ಪ್ರತಿ ಪ್ರೋಸೆಸ್ ತನ್ನ ಪಾಡಿಗೆ ತಾನೇ ಟೆಸ್ಟ್ ಮಾಡಿಕೊಳ್ಳುತ್ತದೆ. ಆಗ ಬರುವ ಚೆಂದದ ಅಂಕಿಗಳಿಗೂ ನಿಮ್ಮ ನೆಟ್‌ವರ್ಕ್‌ಗೂ ಸಂಬಂಧವೇ ಇರುವುದಿಲ್ಲ.