ನೋಡ್ ವಿಧಾನವೋ ಮೆಶ್ ವಿಧಾನವೋ: ಒಂದೇ ಲೆಕ್ಕ, ಎರಡು ದಾರಿ

ಸರ್ಕ್ಯೂಟ್ ಬಿಡಿಸಲು ತಂತಿಗಳು ಸೇರುವ ಬಿಂದುಗಳ (ನೋಡ್) ವೋಲ್ಟೇಜ್ ಹುಡುಕಬಹುದು, ಇಲ್ಲವೇ ಮುಚ್ಚಿದ ಸುತ್ತುಗಳ (ಮೆಶ್) ಕರೆಂಟ್ ಹುಡುಕಬಹುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ನೋಡ್ ಕಡೆಗೆ. ಮೊದಲ ವರ್ಷದ ಸರ್ಕ್ಯೂಟ್ ಲೆಕ್ಕಗಳಲ್ಲಿ ಕರೆಂಟ್ ಸೋರ್ಸ್ (ನಿಗದಿತ ಕರೆಂಟ್ ತಳ್ಳುವ ಮೂಲ) ಬಂದ ಕೂಡಲೇ ಮೆಶ್ ಹಿಡಿದವರು ತಡವರಿಸುತ್ತಾರೆ. ನೋಡ್ ಹಿಡಿದವರಿಗೆ ಅದೇ ಸೋರ್ಸ್ ಕೆಲಸ ಹಗುರ ಮಾಡುತ್ತದೆ.

ಈ ಸರ್ಕ್ಯೂಟ್ ಬರೆದುಕೊಳ್ಳಿ. ಎಡಕ್ಕೆ 12 ವೋಲ್ಟ್ ಬ್ಯಾಟರಿ, ಮೈನಸ್ ಗ್ರೌಂಡಿಗೆ (ಸೊನ್ನೆ ವೋಲ್ಟ್ ಎಂದು ಹಿಡಿದ ಬಿಂದು); ಅದರ ಪ್ಲಸ್‌ನಿಂದ 2 ಕಿಲೋಓಮ್ ದಾಟಿದರೆ ಒಂದು ನೋಡ್. ಬಲಕ್ಕೆ ಆ ನೋಡ್‌ನಿಂದ ಗ್ರೌಂಡಿಗೆ 4 ಕಿಲೋಓಮ್. ನಡುವೆ, ಗ್ರೌಂಡಿನಿಂದ ಮೇಲಕ್ಕೆ ಕರೆಂಟ್ ತಳ್ಳುವ 1.5 ಮಿಲಿಆಂಪ್ ಸೋರ್ಸ್.

ನೋಡ್ ದಾರಿಯಲ್ಲಿ ಆ ನೋಡಿನ ವೋಲ್ಟೇಜ್ ವಿ ಎಂದಿಟ್ಟು, ಹೊರಹೋಗುವ ಕರೆಂಟನ್ನು ಒಳಬರುವುದಕ್ಕೆ ಸಮ ಮಾಡಿದರೆ ಒಂದೇ ಸಮೀಕರಣ: (ವಿ − 12)/2 + ವಿ/4 = 1.5. ಎರಡೂ ಕಡೆ 4ರಿಂದ ಗುಣಿಸಿದರೆ 3ವಿ = 30, ವಿ = 10 ವೋಲ್ಟ್. ಕಿಲೋಓಮ್ ಜೊತೆ ಮಿಲಿಆಂಪ್ ಇಟ್ಟರೆ ಉತ್ತರ ನೇರವಾಗಿ ವೋಲ್ಟ್‌ನಲ್ಲೇ ಬರುತ್ತದೆ, 10ರ ಘಾತಗಳ ಗೋಜಿಲ್ಲ.

ಮೆಶ್‌ನಲ್ಲಿ ಎರಡು ಲೂಪ್, ಎರಡನ್ನೂ ಗಡಿಯಾರದ ದಿಕ್ಕಿಗೆ ತಿರುಗಿಸಿ ಐ1, ಐ2 ಎನ್ನೋಣ. ತೊಡಕು ಇಲ್ಲಿಂದ ಶುರು. ಎಡ ಲೂಪಿಗೆ ಕೆವಿಎಲ್ (ಒಂದು ಸುತ್ತಿನ ವೋಲ್ಟೇಜುಗಳ ಮೊತ್ತ ಸೊನ್ನೆ ಎಂಬ ನಿಯಮ) ಬರೆಯಲು ಹೊರಟರೆ ಕರೆಂಟ್ ಸೋರ್ಸ್ ಮೇಲಿನ ವೋಲ್ಟೇಜ್ ಎಷ್ಟೆಂದು ಬೇಕು, ಅದು ಗೊತ್ತಿಲ್ಲ. ಹೆಚ್ಚಿನವರು ಅದನ್ನು ಸೊನ್ನೆ ಎಂದು ಬಿಟ್ಟುಬಿಡುತ್ತಾರೆ. ಆಗ 12 = 2 × ಐ1, ಅಂದರೆ 6 ಮಿಲಿಆಂಪ್; ಬಲ ಲೂಪಿನಲ್ಲಿ ಐ2 ಸೊನ್ನೆ. ನಡುವಿನ ಸೋರ್ಸ್ ಹೇಳುವುದು ಐ2 − ಐ1 = 1.5 ಎಂದು, ನಮಗೆ ಸಿಕ್ಕಿದ್ದು −6. ಈ ವಿರೋಧ ಕಣ್ಣಿಗೆ ಬಿದ್ದರೆ ಬಚಾವು. ಅನೇಕರು ಐ1 ಸಿಕ್ಕಿದಲ್ಲಿಗೇ ಪುಟ ತಿರುಗಿಸುವುದರಿಂದ ಬೀಳುವುದಿಲ್ಲ.

ಕರೆಂಟ್ ಸೋರ್ಸ್ ಖಚಿತಪಡಿಸುವುದು ಕರೆಂಟನ್ನು ಮಾತ್ರ. ಅದರ ವೋಲ್ಟೇಜನ್ನು ಉಳಿದ ಸರ್ಕ್ಯೂಟ್ ತೀರ್ಮಾನಿಸುತ್ತದೆ. ಹಾಗಾಗಿ ಅದನ್ನು ಸುತ್ತುಬಳಸಿ ಹೊರಗಿನ ದೊಡ್ಡ ದಾರಿಯಲ್ಲಿ ಸೂಪರ್‌ಮೆಶ್ ಬರೆಯಬೇಕು: 12 = 2 × ಐ1 + 4 × ಐ2. ಇದಕ್ಕೆ ಐ2 = ಐ1 + 1.5 ಸೇರಿಸಿದರೆ ಐ1 = 1, ಐ2 = 2.5 ಮಿಲಿಆಂಪ್. ಇಲ್ಲೂ ಸೋರ್ಸಿನ ಬಾಣ ಮೇಲಕ್ಕಿದೆಯೋ ಕೆಳಕ್ಕೋ ಎಂದು ತಪ್ಪಿ ನೋಡಿದರೆ 1.5ರ ಚಿಹ್ನೆ ತಿರುಗಿ ಐ1 = 3 ಆಗುತ್ತದೆ. ಆ ಉತ್ತರ ನೋಡಲು ಎಷ್ಟು ಸಲೀಸಾಗಿದೆಯೆಂದರೆ ಅನುಮಾನವೇ ಬರುವುದಿಲ್ಲ.

ಯಾವ ದಾರಿ ಹಿಡಿದರೂ ಕೊನೆಗೆ ಪವರ್ ತಾಳೆ ನೋಡಿ. ಬ್ಯಾಟರಿ ಕೊಡುವುದು 12 ಮಿಲಿವಾಟ್, ಕರೆಂಟ್ ಸೋರ್ಸ್ 10 × 1.5 = 15. ರೆಸಿಸ್ಟರುಗಳು ತಿನ್ನುವುದು 2 ಮತ್ತು 25. ಎರಡೂ ಕಡೆ 27.

ಸೂಪರ್‌ಪೊಸಿಷನ್: ಒಂದೊಂದೇ ಸೋರ್ಸ್ ಇಟ್ಟು ಲೆಕ್ಕ ಮಾಡಿ ಉತ್ತರ ಕೂಡಿಸುವ ಈ ದಾರಿ, ಪ್ರಶ್ನೆಯೇ ಕೇಳಿದರೆ ಮಾತ್ರ. ಪ್ರತಿ ಸೋರ್ಸಿಗೂ ಹೊಸ ಚಿತ್ರ ಬೇಕು, ಪವರನ್ನು ಹಾಗೆ ಕೂಡಿಸಲೂ ಬರುವುದಿಲ್ಲ.

ನೋಡ್‌ಗೂ ತನ್ನದೇ ತೊಡಕಿದೆ. ಗ್ರೌಂಡ್ ಮುಟ್ಟದ ಎರಡು ನೋಡ್‌ಗಳ ನಡುವೆ ವೋಲ್ಟೇಜ್ ಸೋರ್ಸ್ ಕೂತರೆ ಆ ಎರಡನ್ನೂ ಒಂದಾಗಿ ಹಿಡಿದು ಸೂಪರ್‌ನೋಡ್ ಮಾಡಬೇಕು. ಎಷ್ಟೋ ಸಲ ಆ ಸೋರ್ಸಿನ ಒಂದು ತುದಿಯನ್ನೇ ಗ್ರೌಂಡ್ ಮಾಡಿಕೊಂಡರೆ ತೊಡಕು ತಪ್ಪುತ್ತದೆ. ಮ್ಯೂಚುವಲ್ ಇಂಡಕ್ಟೆನ್ಸ್ ಇರುವ (ಒಂದರ ಕರೆಂಟ್ ಬದಲಾದರೆ ಇನ್ನೊಂದರಲ್ಲಿ ವೋಲ್ಟೇಜ್ ಹುಟ್ಟುವ) ಜೋಡಿ ಕಾಯಿಲ್ ಬಂದರೆ ಮಾತ್ರ ನಾನೂ ಮೆಶ್‌ಗೇ ಹೋಗುತ್ತೇನೆ. ಅಲ್ಲಿ ವೋಲ್ಟೇಜ್ ಕರೆಂಟಿನಿಂದಲೇ ಹುಟ್ಟುತ್ತದೆ.

ಕಾಂತಕ್ಷೇತ್ರದ ಲೆಕ್ಕಗಳಲ್ಲೂ ಇಂಥದೇ ಪೈಪೋಟಿ, ಆಂಪಿಯರ್ ನಿಯಮಕ್ಕೂ (ಸುತ್ತುದಾರಿಯ ಕ್ಷೇತ್ರವನ್ನು ಒಳಗಿನ ಕರೆಂಟಿಗೆ ಜೋಡಿಸುವುದು) ಬಯೋ-ಸವಾರ್‌ಗೂ (ತಂತಿಯ ತುಣುಕು ತುಣುಕಿನ ಕ್ಷೇತ್ರ ಕೂಡಿಸುವುದು). ಉದ್ದನೆಯ ತಂತಿ, ಸೊಲೆನಾಯ್ಡ್ (ಉದ್ದ ಸುರುಳಿ), ಟೊರಾಯ್ಡ್ (ಬಳೆಯಾಕಾರದ ಸುರುಳಿ) ಇದ್ದರೆ ಆಂಪಿಯರ್, ಎರಡೇ ಸಾಲು. ಆದರೆ ಚೌಕದ ಲೂಪಿನ ನಡುವಿನ ಕ್ಷೇತ್ರ ಕೇಳಿದಾಗ ಅದೇ ಉದ್ದ ತಂತಿಯ ಸೂತ್ರವನ್ನು ನಾಲ್ಕು ಸಲ ಕೂಡಿಸುವವರಿದ್ದಾರೆ. ಬಾಹು 10 ಸೆಂಟಿಮೀಟರ್, ಕರೆಂಟ್ 2 ಆಂಪಿಯರ್ ಇದ್ದರೆ ಹಾಗೆ ಬರುವುದು 32 ಮೈಕ್ರೊಟೆಸ್ಲಾ. ಸರಿಯಾದದ್ದು ಸುಮಾರು 22.6. ಪ್ರತಿ ಬಾಹುವೂ ತುದಿಯಿರುವ ತಂತಿ, ನಡುವಿನಿಂದ ನೋಡಿದರೆ ಎರಡೂ ಬದಿಗೆ 45 ಡಿಗ್ರಿ ಮಾತ್ರ ಚಾಚಿದೆ. ಆದ್ದರಿಂದ ಸೈನ್ 45ರಿಂದ ಗುಣಿಸಲೇಬೇಕು, ತಪ್ಪು ಉತ್ತರ ಸರಿಯಾಗಿ √2 ಪಟ್ಟು ಹೆಚ್ಚಾಗಿರುವುದು ಅದಕ್ಕೇ. ದೂರವಾಗಿ ಇಡಬೇಕಾದ್ದು 0.05 ಮೀಟರ್, ಪೂರ್ತಿ ಬಾಹುವಲ್ಲ.