ಹೊಸ ಪೇಂಟ್ ನೋಡಿ ಹಳೇ ಬೋಟು ಕೊಳ್ಳಬೇಡಿ

ಮಲ್ಪೆ, ಕೋಡಿಬೆಂಗ್ರೆ ಕಡೆ ಮೊದಲ ಸಲ ಸೆಕೆಂಡ್ ಹ್ಯಾಂಡ್ ಫೈಬರ್ ಬೋಟು ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿ. ಬೋಟಿಗೆ ಕೊಟ್ಟ ದುಡ್ಡಿನ ಹೆಚ್ಚುಕಡಿಮೆ ಅರ್ಧದಷ್ಟನ್ನು ನಾವು ಮೊದಲ ವರ್ಷದ ರಿಪೇರಿಗೇ ಸುರಿದಿದ್ದೇವೆ. ಸಾಲ ಮಾಡಿ ಕೊಂಡವರು ಈ ಪೆಟ್ಟು ತಡೆದುಕೊಳ್ಳುವುದು ಕಷ್ಟ.

ನಾನು, ಭಾವ ಸೇರಿ ಮೇ ಕೊನೆಗೆ ಕೊಂಡೆವು. ಬೋಟು, ಔಟ್‌ಬೋರ್ಡ್ ಇಂಜಿನ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್) ಎರಡಕ್ಕೂ ಹೊಸ ಪೇಂಟ್. ಮಾರುವವರು ಹೊಳೆಯಲ್ಲಿ ಒಂದು ಸುತ್ತು ಓಡಿಸಿ ತೋರಿಸಿದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ, ನಮ್ಮದು ಅದಕ್ಕಿಂತ ದೊಡ್ಡದು. ನಿಷೇಧ ಮುಗಿದು ಬೋಟು ಕಡಲಿಗೆ ಇಳಿದಾಗಲೇ ನಿಜ ಗೊತ್ತಾಯಿತು. ಅಷ್ಟರಲ್ಲಿ ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದಾಟಿ ಸ್ವಲ್ಪ ಹೊತ್ತಿಗೇ ಇಂಜಿನ್ ಬಿಸಿಯಾಗಿ ನಿಂತಿತು. ಕಡಲ ನೀರನ್ನು ಎಳೆದುಕೊಂಡೇ ತಂಪಾಗುವ ಇಂಜಿನ್ ಇದು. ನೀರೆತ್ತುವ ರಬ್ಬರ್ ಇಂಪೆಲ್ಲರಿನ ರೆಕ್ಕೆಗಳು ಮುರಿದಿದ್ದವು, ನೀರಿನ ದಾರಿಯಲ್ಲಿ ಉಪ್ಪು ಕಟ್ಟಿಕೊಂಡಿತ್ತು. ಇದು ಸಣ್ಣ ಖರ್ಚು.

ದೊಡ್ಡದು ಗೇರ್ ಬಾಕ್ಸ್. ಇಂಜಿನ್ ಮೇಲೆ ಸತುವಿನ ಆನೋಡ್ ತುಂಡು ಇರುತ್ತದೆ. ಉಪ್ಪು ನೀರು ಅಲ್ಯೂಮಿನಿಯಂ ಬದಲು ಮೊದಲು ಅದನ್ನು ತಿನ್ನಲಿ ಅಂತ. ಅದಕ್ಕೂ ಪೇಂಟ್ ಹೊಡೆದಿದ್ದರು! ಪೇಂಟ್ ಬಿದ್ದ ಆನೋಡಿಗೆ ನೀರು ತಾಗುವುದಿಲ್ಲ, ಹಾಗಾಗಿ ಅದು ಕೆಲಸ ಮಾಡುವುದೇ ಇಲ್ಲ. ಮೆಕ್ಯಾನಿಕ್ ಪೇಂಟ್ ಕೆರೆದರೆ ಗೇರ್ ಕೇಸಿನ ತುಂಬ ಗುಳಿ. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡ ತಂಗೂಸಿ (ಮೀನು ಹಿಡಿಯುವ ನೈಲಾನ್ ದಾರ) ಸೀಲನ್ನು ಕೊಯ್ದಿತ್ತು. ಒಳಗೆ ನೀರು ಹೋಗಿ ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿತ್ತು, ಬೇರಿಂಗ್ ತುಕ್ಕು.

ಇಷ್ಟಾದ ಮೇಲೆ ಟ್ರಾನ್ಸಮ್, ಅಂದರೆ ಇಂಜಿನ್ ಕೂರಿಸುವ ಹಿಂಬದಿ ಹಲಗೆ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟ್ ತೂತುಗಳಿಂದ ನೀರು ಇಳಿದು ಪ್ಲೈವುಡ್ ಪೂರ್ತಿ ಕೊಳೆತಿತ್ತು. ಅಲೆ ಹೊಡೆತಕ್ಕೆ ಇಂಜಿನ್ ಸಮೇತ ಹಲಗೆ ಕಿತ್ತುಬಂದಿದ್ದರೆ ಬೋಟಿನಲ್ಲಿದ್ದವರ ಗತಿ ಏನು? ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೇಲೆ ಫೈಬರ್ ಮೆತ್ತಿದರೆ ಸಾಲದು, ಕತ್ತರಿಸಿ ಹೊಸ ಹಲಗೆ ಕೂರಿಸಬೇಕು. ಒದ್ದೆ ಒಣಗದೆ ಫೈಬರ್ ಹಿಡಿಯುವುದಿಲ್ಲ. ಮಳೆ ಬಿಡುವ ತನಕ ಕಾದು, ಸೀಸನ್ನಿನ ಒಳ್ಳೆಯ ದಿನಗಳೆಲ್ಲ ಹೋದವು. ಆಳುಗಳಿಗೆ ಕೊಟ್ಟ ಮುಂಗಡ ಬೇರೆ.

ಕೊಳ್ಳುವ ಮುಂಚೆ ನಿಮ್ಮದೇ ಮೆಕ್ಯಾನಿಕ್ಕನ್ನು ಸಂಬಳ ಕೊಟ್ಟು ಕರೆದೊಯ್ಯಿರಿ, ಮಾರುವವರ ಪರಿಚಯದವರು ಬೇಡ. ಗೇರ್ ಆಯಿಲಿನ ಸ್ಕ್ರೂ ಬಿಚ್ಚಿಸಿ, ಒಂದೆರಡು ಹನಿ ನೋಡಿದರೂ ಸಾಕು. ಟ್ರಾನ್ಸಮ್ಮಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಕೊಳೆತಲ್ಲಿ ಸದ್ದು ಮಂದ. ಇಂಜಿನ್ ಎತ್ತಿ ನಿಲ್ಲಿಸಿ ಕೆಳಕ್ಕೆ ಒತ್ತಿದಾಗ ಹಲಗೆ ಅಲುಗಬಾರದು. ಇಂಜಿನ್ ಓಡುವಾಗ ಪಕ್ಕದಿಂದ ಚಿಮ್ಮುವ ನೀರಿನ ಧಾರೆ ಜೋರಾಗಿರಬೇಕು. ಹೊಳೆಯಲ್ಲಿ ಸುಮ್ನೆ ಒಂದು ಸುತ್ತು ಸಾಲದು, ಅಳಿವೆಯಾಚೆ ಅರ್ಧ ಗಂಟೆಯಾದರೂ ಫುಲ್ ಥ್ರಾಟಲಿನಲ್ಲಿ ಓಡಿಸಿ ನೋಡಿ.

ಸಾಧ್ಯವಾದರೆ ಮೇ ತಿಂಗಳಿಗೆ ಕಾಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ, ಬೋಟು ದಿನಾ ಕಡಲಿಗೆ ಹೋಗುತ್ತಿರುವಾಗಲೇ, ಪೇಂಟ್ ಬೀಳುವ ಮುಂಚೆ ಹೋಗಿ ನೋಡಿ.